ಫೈಬರ್ ಪೋಸ್ಟ್ ಹಾಕಿದರೆ ಹಲ್ಲು ಗಟ್ಟಿ ಆಗುತ್ತದಾ?

ಮಂಗಳೂರು, ಮಣಿಪಾಲ ಎಲ್ಲೇ ದಂತವೈದ್ಯಕೀಯ ಓದುತ್ತಿರಿ, ವೈವಾದಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ಸುಮ್ನೆ ಹೌದು ಅಂದುಬಿಡಬೇಡಿ. ಪೋಸ್ಟ್ ಅಂದರೆ ರೂಟ್ ಕೆನಾಲ್ ಆದ ಹಲ್ಲಿನ ಬೇರಿನೊಳಗೆ ಕೂರಿಸುವ ಕಡ್ಡಿ. ಅದರ ಕೆಲಸ ಕೋರ್ ಬಿಲ್ಡಪ್ಪನ್ನು, ಅಂದರೆ ಹೋದ ಹಲ್ಲಿನ ಜಾಗದಲ್ಲಿ ಮೇಲೆ ಕಟ್ಟಿದ ಭಾಗವನ್ನು, ಹಿಡಿದಿಡುವುದು, ಅಷ್ಟೇ. ಬಲ ಇರುವುದು ಹುಳುಕು ತೆಗೆದ ಮೇಲೆ ಉಳಿದ, ಎನಾಮೆಲ್ ಕೆಳಗಿನ ಗಟ್ಟಿ ಪದರವಾದ ಡೆಂಟಿನ್‌ನಲ್ಲಿ. ದಪ್ಪ ಪೋಸ್ಟ್ ಕೂರಲಿ ಅಂತ ಬೇರನ್ನು ಜಾಸ್ತಿ ಕೊರೆದರೆ ಇದ್ದ ಬಲವೂ ಹೋಯಿತು.

ಮತ್ತೆ ಫೈಬರ್ ಯಾಕೆ? ಎಲಾಸ್ಟಿಕ್ ಮಾಡ್ಯುಲಸ್, ಅಂದರೆ ವಸ್ತು ಎಷ್ಟು ಬಾಗದೆ ನಿಲ್ಲುತ್ತದೆ ಅನ್ನುವ ಅಳತೆ, ನೋಡಿ. ಡೆಂಟಿನ್ ಸುಮಾರು 18 ಗಿಗಾಪ್ಯಾಸ್ಕಲ್, ಗ್ಲಾಸ್ ಫೈಬರ್ ಪೋಸ್ಟ್ ಹೆಚ್ಚುಕಮ್ಮಿ 20ರಿಂದ 40, ಸ್ಟೀಲ್ 200ರ ಹತ್ತಿರ. ಕಚ್ಚುವಾಗ ಫೈಬರ್ ಪೋಸ್ಟ್ ಬೇರಿನ ಜೊತೆಗೇ ಒಂಚೂರು ಬಾಗುತ್ತದೆ, ಸ್ಟೀಲ್ ಬಾಗುವುದಿಲ್ಲ, ಒತ್ತಡವೆಲ್ಲ ಪೋಸ್ಟಿನ ತುದಿಯ ಹತ್ತಿರ ಸೇರಿಕೊಂಡು ಕಟ್ಟಿಗೆಗೆ ಬೆಣೆ ಹೊಡೆದ ಹಾಗೆ ಬೇರು ಸೀಳಬಹುದು. ಬೇರು ಉದ್ದಕ್ಕೆ ಸೀಳಿದರೆ ಹಲ್ಲು ಕೀಳುವುದೇ ಗತಿ. ಫೈಬರ್ ಸೋತರೆ ಹೆಚ್ಚಾಗಿ ಅಂಟು ಬಿಡುತ್ತದೆ ಅಥವಾ ಕೋರ್ ಮುರಿಯುತ್ತದೆ, ಇನ್ನೊಮ್ಮೆ ಕಟ್ಟಬಹುದು.

ಅದಕ್ಕೇ ಕಿತ್ತ ಹಲ್ಲನ್ನು ಯೂನಿವರ್ಸಲ್ ಟೆಸ್ಟಿಂಗ್ ಮೆಷಿನ್‌ನಲ್ಲಿ ಮುರಿಯುವ ತನಕ ಒತ್ತಿದ ಅಧ್ಯಯನ ಓದುವಾಗ ಎಷ್ಟು ನ್ಯೂಟನ್ ಅಂತ ಮಾತ್ರ ನೋಡಬೇಡಿ. ಲೋಹ ಎರಕ ಹೊಯ್ದ ಕಾಸ್ಟ್ ಪೋಸ್ಟಿಗೆ ಕೆಲವೊಮ್ಮೆ ದೊಡ್ಡ ಅಂಕಿಯೇ ಬರುತ್ತದೆ. ಎಲ್ಲಿ ಮುರಿಯಿತು ಅನ್ನುವ ಟೇಬಲ್ ಮುಖ್ಯ. ಅಲ್ಲದೆ ಬಾಯಲ್ಲಿ ಯಾರೂ ಒಂದೇ ಸಲ ಒತ್ತಿ ಮುರಿಯುವುದಿಲ್ಲ ಅಲ್ವಾ, ದಿನಾ ಸಣ್ಣ ಸಣ್ಣ ಹೊಡೆತ.

ಪೋಸ್ಟಿಗಿಂತ ದೊಡ್ಡ ವಿಷಯ ಫೆರೂಲ್. ಹಲ್ಲಿಗೆ ಹಾಕುವ ಟೋಪಿ, ಅಂದರೆ ಕ್ರೌನಿನ ಅಂಚಿನ ಮೇಲೆ ಸುತ್ತಲೂ 1.5ರಿಂದ 2 ಮಿಲಿಮೀಟರ್ ಆರೋಗ್ಯವಾದ ಡೆಂಟಿನ್ ಗೋಡೆ ಬೇಕು. ಇಲ್ಲದಿದ್ದರೆ ಪೋಸ್ಟ್ ಅಲುಗಾಡಿ ಸಿಮೆಂಟ್ ಬಿಡುತ್ತದೆ. ಹುಳುಕು ವಸಡಿನ ಕೆಳಗೆ ಹೋಗಿದ್ದರೆ ವಸಡು, ಮೂಳೆ ತಗ್ಗಿಸುವ ಕ್ರೌನ್ ಲೆಂಗ್ತನಿಂಗ್ ಅಥವಾ ಹಲ್ಲನ್ನು ಮೇಲೆಳೆಯುವ ಆರ್ಥೊ ಚಿಕಿತ್ಸೆ ಯೋಚಿಸಬೇಕು.

ಉಳಿದದ್ದು ಬೇಗ ಹೇಳುತ್ತೇನೆ: ಬೇರಿನ ತುದಿಯಲ್ಲಿ 4ರಿಂದ 5 ಮಿಲಿಮೀಟರ್ ಗಟ್ಟಾಪರ್ಚಾ (ಕೆನಾಲ್ ತುಂಬುವ ರಬ್ಬರಿನಂಥ ವಸ್ತು) ಬಿಡಿ. ಕೆನಾಲ್ ಮುಚ್ಚಲು ಹಾಕಿದ, ಯೂಜಿನಾಲ್ (ಲವಂಗದ ಎಣ್ಣೆಯ ಅಂಶ) ಇರುವ ಸೀಲರ್ ಉಳಿದರೆ ಪೋಸ್ಟ್ ಅಂಟಿಸುವ ರೆಸಿನ್ ಸಿಮೆಂಟ್ ಸರಿಯಾಗಿ ಸೆಟ್ ಆಗುವುದಿಲ್ಲ, ಗೋಡೆ ಚೆನ್ನಾಗಿ ಸ್ವಚ್ಛ ಮಾಡಿ. ಕೆನಾಲ್ ಅಗಲವಾಗಿದ್ದರೆ ಸಿಮೆಂಟ್ ತುಂಬಬೇಡಿ, ಪೋಸ್ಟಿನ ಸುತ್ತ ಕಾಂಪೊಸಿಟ್ ಹಚ್ಚಿ ಕೆನಾಲಿನ ಅಳತೆಗೆ ರೀಲೈನ್ ಮಾಡಿ. ದವಡೆ ಹಲ್ಲಿಗೆ ಎಷ್ಟೋ ಸಲ ಪೋಸ್ಟೇ ಬೇಡ, ಹಲ್ಲಿನ ಮೇಲ್ಭಾಗದೊಳಗಿನ ಟೊಳ್ಳು, ಅಂದರೆ ಪಲ್ಪ್ ಚೇಂಬರೇ ಕೋರನ್ನು ಹಿಡಿಯುತ್ತದೆ.

ನಮ್ಮ ಕಡೆ ಪೇಶಂಟ್ ಕೇಳುವುದು ಒಂದೇ, "ಇನ್ನು ಅಡಿಕೆ ಜಗಿಯಬಹುದಾ?" ಬೇಡ ಅನ್ನಿ. ಕ್ರೌನ್ ಒಂಚೂರು ಅಲುಗಾಡಿದರೂ ನೋವು ಬರಲಿ ಅಂತ ಕಾಯದೆ ಬರಲು ಹೇಳಿ, ಯಾಕೆಂದರೆ ರೂಟ್ ಕೆನಾಲ್ ಆದ ಹಲ್ಲು ಒಳಗೆ ಹುಳುಕಾದರೂ ನೋಯುವುದಿಲ್ಲ.