ಕೆಸರು, ಹೊರೆ, ಇಳಿಜಾರು: ವಿಚಿತ್ರ ಕ್ರೀಡೆಗಳನ್ನು ಓದುವ ಬಗೆ

ದೈಹಿಕ ಶಿಕ್ಷಣ ಓದುತ್ತಿರುವ ಗೆಳೆಯರಿಗೆ ಈ ಟಿಪ್ಪಣಿ. ವಿಚಿತ್ರ ಕ್ರೀಡೆಗಳ ಪಾಠವನ್ನು ಹೆಸರು, ದೇಶ, ಇಸವಿ ಅಂತ ಉರುಹೊಡೆದರೆ ಪರೀಕ್ಷೆಯ ಮರುದಿನವೇ ಮರೆತುಹೋಗುತ್ತದೆ. ಯಾವ ಆಟ ಎದುರಾದರೂ ಎರಡು ಪ್ರಶ್ನೆ ಕೇಳಿ. ಅದು ಎಂಥ ನೆಲದಲ್ಲಿ ಹುಟ್ಟಿತು? ಅದರ ನಿಯಮ ಯಾವ ಸುಲಭದ ದಾರಿಯನ್ನು ಮುಚ್ಚುತ್ತದೆ?

ಕೆಸರಿನಿಂದ ಶುರುಮಾಡೋಣ, ಅದು ನಮಗೆ ಗೊತ್ತಿರುವ ನೆಲ. ತೀರ್ಥಹಳ್ಳಿ, ಹೊಸನಗರದ ಕಡೆ ಮಳೆಗಾಲದಲ್ಲಿ ಕೆಸರುಗದ್ದೆ ಓಟ, ಹಗ್ಗಜಗ್ಗಾಟ, ಅಡಿಕೆ ಹಾಳೆಯ ಮೇಲೆ ಕೂರಿಸಿ ಎಳೆಯುವ ಆಟ ಎಲ್ಲ ಇರುತ್ತವೆ. ಓಡುವವರ ಮುಖ ಬಿಟ್ಟು ಕಾಲನ್ನು ನೋಡಿ. ಉದ್ದ ಹೆಜ್ಜೆ ಹಾಕಿದವನು ಬೇಗ ಮುಗ್ಗರಿಸುತ್ತಾನೆ. ಹೂತ ಪಾದವನ್ನು ನೇರ ಮೇಲಕ್ಕೆ ಕಿತ್ತರೆ ಅದರಡಿಗೆ ಗಾಳಿ ನುಗ್ಗಲು ಜಾಗವಿಲ್ಲ. ಕೆಸರು ಕಚ್ಚಿ ಹಿಡಿಯುತ್ತದೆ. ಪಳಗಿದವರು ಹಿಮ್ಮಡಿ ಮೊದಲು ಎತ್ತಿ, ಬೆರಳು ಕೆಳಮುಖ ಮಾಡಿ ಪಾದವನ್ನು ಜಾರಿಸಿ ತೆಗೆಯುತ್ತಾರೆ. ಹೆಜ್ಜೆ ಚಿಕ್ಕದು, ಚುರುಕು. ಉತ್ತು ಮಟ್ಟ ಮಾಡಿದ ಗದ್ದೆಯಲ್ಲಿ ಕೆಸರಿನಡಿ ಗಟ್ಟಿ ನೆಲ ಸಿಗುವುದರಿಂದ ಓಟ ಅನ್ನುವುದು ಸಾಧ್ಯ.

ಫಿನ್ಲೆಂಡಿನ ಜೌಗಿನಲ್ಲಿ ಆ ಆಸರೆ ಕಡಿಮೆ. ಹಿಮದ ಮೇಲೆ ಸ್ಕೀ ಮಾಡುವವರು ಬೇಸಿಗೆಯಲ್ಲಿ ಕಾಲು ಬಲಪಡಿಸಲು ಅಲ್ಲಿ ಕಸರತ್ತು ಮಾಡುತ್ತಿದ್ದರು. ಅದರಿಂದ ಜೌಗು ಫುಟ್‌ಬಾಲ್ ಬೆಳೆದು 1998ರಲ್ಲಿ ಹೈರಿನ್ಸಾಲ್ಮಿಯಲ್ಲಿ ಪಂದ್ಯಾವಳಿಯಾಯಿತು. ವೇಲ್ಸ್‌ನ ಲಾನ್ಉರ್ಟಿಡ್ ವೆಲ್ಸ್ ಎಂಬ ಪುಟ್ಟ ಊರಿನದು ಇನ್ನೂ ಮುಂದಿನ ಮಾತು. 1985ರಿಂದ ಅಲ್ಲಿ ಜೌಗು ನೆಲದಲ್ಲಿ ಸುಮಾರು 55 ಮೀಟರ್ ಉದ್ದದ ಕಾಲುವೆ ತೋಡಿ ಎರಡು ಸಲ ದಾಟಿಸುತ್ತಾರೆ. ಬಾಯಲ್ಲಿ ಉಸಿರಾಟದ ಕೊಳವೆ, ಕಾಲಿಗೆ ರಬ್ಬರಿನ ಈಜುರೆಕ್ಕೆ. ಮಾಮೂಲಿ ಈಜಿನಂತೆ ಕೈ ಬೀಸುವಂತಿಲ್ಲ. ಕೊಳೆತ ಸಸ್ಯದಿಂದ ಕಪ್ಪಾದ ನೀರಿನಲ್ಲಿ ಏನೂ ಕಾಣುವುದಿಲ್ಲ. ಮುಚ್ಚಿದ ದಾರಿ ಕೈಯದು. ಉಳಿದದ್ದು ಕಾಲಿನ ಬಲ ಮತ್ತು ಧೈರ್ಯ.

ಅದೇ ಊರಿನಲ್ಲಿ 1980ರಿಂದ ಮನುಷ್ಯ ಮತ್ತು ಕುದುರೆಯ ಓಟವೂ ಇದೆ, ಸುಮಾರು 35 ಕಿ.ಮೀ. ಮನುಷ್ಯ ಮೊದಲು ಗೆದ್ದದ್ದು 2004ರಲ್ಲಿ, ಹ್ಯೂ ಲಾಬ್. ಬಯಲಿನಲ್ಲಾದರೆ ಕುದುರೆಗೆ ಎದುರೇ ಇಲ್ಲ. ಗುಡ್ಡದ ಏರಿಳಿತದಲ್ಲಿ ಅಂತರ ಕಿರಿದಾಗುತ್ತದೆ.

ಮತ್ತೆ ಫಿನ್ಲೆಂಡ್. ಸೊಂಕಾಯಾರ್ವಿಯಲ್ಲಿ 1992ರಿಂದ ಹೆಂಡತಿಯನ್ನು ಹೊತ್ತು ಓಡುವ ಸ್ಪರ್ಧೆ. ದಾರಿ 253.5 ಮೀಟರ್, ನಡುವೆ ಸುಮಾರು ಒಂದು ಮೀಟರ್ ಆಳದ ನೀರು. ಹೆಂಗಸಿನ ತೂಕ ಕನಿಷ್ಠ 49 ಕೆ.ಜಿ. ಇರಬೇಕು, ಕಡಿಮೆಯಾದರೆ ಭಾರ ಕಟ್ಟುತ್ತಾರೆ. ಹಗುರದವಳನ್ನು ಹೊತ್ತು ಗೆಲ್ಲುವ ದಾರಿ ಹೀಗೆ ಮುಚ್ಚಿತು. ಎಸ್ಟೋನಿಯಾದವರು ತಂದ ಉಪಾಯ ನೋಡಿ: ಅವಳು ಬೆನ್ನಿಗೆ ತಲೆಕೆಳಗಾಗಿ ಜೋತು, ಕಾಲನ್ನು ಅವನ ಕೊರಳಿಗೆ ಸುತ್ತಿ, ಸೊಂಟ ತಬ್ಬುತ್ತಾಳೆ. ಬೆಟ್ಟದಿಂದ ಸೊಪ್ಪಿನ ಹೊರೆ ಇಳಿಸಿದವರಿಗೆ ಇದರ ಗುಟ್ಟು ಗೊತ್ತು, ಭಾರ ಮೈಗಂಟಿ ಅಲುಗದಿದ್ದರೆ ಅರ್ಧ ಕೆಲಸ ಮುಗಿದಂತೆ. 1998ರಿಂದ ಹಲವು ವರ್ಷ ಎಸ್ಟೋನಿಯಾದವರೇ ಗೆದ್ದರು.

ಇಂಗ್ಲೆಂಡಿನ ಕೂಪರ್ಸ್ ಹಿಲ್‌ನಲ್ಲಿ ಚೀಸ್‌ನ ಗುಂಡು ಚಕ್ರವನ್ನು ಕಡಿದಾದ ಇಳಿಜಾರಿನಲ್ಲಿ ಉರುಳಿಸಿ ಅದರ ಹಿಂದೆ ಓಡುತ್ತಾರೆ. ಚೀಸ್ ಕೈಗೆ ಸಿಗುವುದಿಲ್ಲ, ಮೊದಲು ಕೆಳಗೆ ತಲುಪಿದವನಿಗೇ ಅದು ಬಹುಮಾನ. ಉರುಳಿ ಬರುವವರನ್ನು ತಡೆದು ಹಿಡಿಯಲು ಕೆಳಗೆ ರಗ್ಬಿ ಆಟಗಾರರು ನಿಲ್ಲುತ್ತಾರೆ. ಇದನ್ನು ಓದುವಾಗ ನನಗೆ ನಮ್ಮ ಶಿಕಾರಿಪುರ, ಸೊರಬದ ಹೋರಿ ಬೆದರಿಸುವ ಹಬ್ಬ ನೆನಪಾಗುತ್ತದೆ. ದೀಪಾವಳಿಯ ನಂತರ ಕೊರಳಿಗೆ ಕೊಬ್ಬರಿ ಹಾರ, ಮೈಮೇಲೆ ಬಲೂನು, ರಿಬ್ಬನ್ ಕಟ್ಟಿ ಹೋರಿಯನ್ನು ಬಿಡುತ್ತಾರೆ. ಕೊಬ್ಬರಿ ಹರಿದವನಿಗೂ ಹೆಸರು, ಹರಿಯಗೊಡದ ಹೋರಿಗೂ ಹೆಸರು. ಆದರೆ ಜನ ಪ್ರಾಣ ಕಳೆದುಕೊಂಡದ್ದೂ ಇದೆ, ನೋಡಲು ಬಂದವರೂ ಸೇರಿ. ಗಟ್ಟಿ ಬೇಲಿಯಿಲ್ಲದೆ ಹೋರಿ ಬಿಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಉತ್ತರ ಬರೆಯುವಾಗ ಸುರಕ್ಷತೆಗೆ ಒಂದು ಪ್ಯಾರಾ ಮೀಸಲಿಡಿ.

ಚೆಸ್‌ಬಾಕ್ಸಿಂಗ್‌ಗೆ ನೆಲದ ಪ್ರಶ್ನೆ ಒಗ್ಗುವುದಿಲ್ಲ. ಡಚ್ ಕಲಾವಿದ ಈಪೆ ರುಬಿಂಗ್ 2003ರಲ್ಲಿ ಅದನ್ನು ಅಖಾಡಕ್ಕೆ ತಂದರು. ಒಂದು ಸುತ್ತು ಚೆಸ್, ಒಂದು ಸುತ್ತು ಬಾಕ್ಸಿಂಗ್. ಚೆಕ್‌ಮೇಟ್ ಆದರೂ ಗೆಲುವು, ನಾಕೌಟ್ ಆದರೂ ಗೆಲುವು. ಎರಡನೇ ಪ್ರಶ್ನೆಯನ್ನು ಇದಕ್ಕೆ ಹಾಕಿ ನೋಡಿ: ಏಟು ತಿಂದು ಎದೆ ಹೊಡೆದುಕೊಳ್ಳುತ್ತಿರುವಾಗಲೇ ಮುಂದಿನ ನಡೆ ಯೋಚಿಸಬೇಕು. ಮನಸ್ಸು ತಿಳಿಯಾಗುವವರೆಗೆ ಕಾಯುವ ದಾರಿಯನ್ನು ನಿಯಮ ಮುಚ್ಚಿದೆ.