ಕುತ್ತಿಗೆಗೆ ಹಾಕಿದ ಪೈಪಿನ ಮೂರನೇ ದಿನ

ವಿಜಯಪುರದ ಐಸಿಯುಗಳಲ್ಲಿ ಸೆಂಟ್ರಲ್ ಲೈನ್‌ಗೆ, ಅಂದರೆ ದೊಡ್ಡ ರಕ್ತನಾಳಕ್ಕೆ ಹಾಕುವ ಪೈಪಿಗೆ, ಒಪ್ಪಿಗೆ ಕೇಳಿದರೆ ಮನೆಯವರು ಮೊದಲು ಅನ್ನೋದು, 'ಕುತ್ತಿಗಿಗ್ಯಾಕ್ರೀ ಸೂಜಿ, ಕೈಗೇ ಹಾಕ್ರಲ್ಲಾ.' ಕೇಳಬೇಕಾದ ಪ್ರಶ್ನೆಯೇ. ಬಿಪಿ ಕುಸಿದವರಿಗೆ ಕೊಡುವ ನಾರ್‌ಅಡ್ರಿನಲಿನ್ ಕೈಯ ಸಣ್ಣ ನರದಿಂದ (ರಕ್ತನಾಳದಿಂದ) ಹೊರಗೆ ಸೋರಿದರೆ ಸುತ್ತಲಿನ ಚರ್ಮ ಕಪ್ಪಾಗಿ ಸಾಯಬಹುದು. ಸ್ವಲ್ಪ ಹೊತ್ತಾದರೆ ಕೈ ಸಾಕು. ದಿನಗಟ್ಟಲೆ ಕೊಡಬೇಕಾದರೆ ದೊಡ್ಡ ನರವೇ ಬೇಕು.

ಹಾಕುವಾಗ ಅಪಾಯ ಇದ್ದೇ ಇದೆ. ಕುತ್ತಿಗೆಯ ಆ ನರದ ಪಕ್ಕದಲ್ಲೇ ಮಿದುಳಿಗೆ ರಕ್ತ ಒಯ್ಯುವ ಕ್ಯಾರೊಟಿಡ್ ಇರುತ್ತದೆ. ಅದಕ್ಕೆ ಸೂಜಿ ತಾಗಿದರೆ ತೆಗೆದು ಒತ್ತಿ ಹಿಡಿಯುತ್ತೇವೆ, ಸಾಮಾನ್ಯವಾಗಿ ರಕ್ತ ನಿಲ್ಲುತ್ತದೆ. ದಪ್ಪ ಪೈಪೇ ಹೋಗಿಬಿಟ್ಟಿದ್ದರೆ ಎಳೆಯಬಾರದು, ಸರ್ಜನ್ ಬರಬೇಕು. ಕಾಲರ್ ಬೋನ್ ಕೆಳಗೆ ಚುಚ್ಚಿದರೆ ಶ್ವಾಸಕೋಶಕ್ಕೆ ತೂತು ಬೀಳುವ ಭಯ ಜಾಸ್ತಿ. ಅದಕ್ಕೇ ಆಮೇಲೆ ಎಕ್ಸ್‌ರೇ. ಕುತ್ತಿಗೆಯಲ್ಲಿ ಅಲ್ಟ್ರಾಸೌಂಡ್ ನೋಡಿಕೊಂಡು ಹಾಕಿದರೆ ಇಂಥ ತಪ್ಪು ಬಹಳ ಕಡಿಮೆ. ಮಷಿನ್ ಪಕ್ಕದ ಕೋಣೆಯಲ್ಲಿದ್ದರೂ ಅಂದಾಜಿನ ಮೇಲೆ ಚುಚ್ಚುವುದನ್ನು ನಾನು ಒಪ್ಪುವುದಿಲ್ಲ.

ನನಗೆ ಹೆಚ್ಚು ಚಿಂತೆ ಮೂರನೇ ದಿನದ್ದು. ಅಷ್ಟೊತ್ತಿಗೆ ಮನೆಯವರ ಭಯ ಹೋಗಿರುತ್ತದೆ, ನಮ್ಮ ಎಚ್ಚರವೂ ಸಡಿಲ ಆಗಿರುತ್ತದೆ. ಏಪ್ರಿಲ್ ಬಿಸಿಲಿಗೆ ಬೆವರಿ ಡ್ರೆಸ್ಸಿಂಗ್‌ನ ಒಂದು ಅಂಚು ಎದ್ದಿರುತ್ತದೆ. ಪಾರದರ್ಶಕ ಡ್ರೆಸ್ಸಿಂಗ್ 7 ದಿನ ಇರಬಹುದು ಎಂಬುದು ಅಂಟಿಕೊಂಡಿದ್ದರೆ ಮಾತ್ರ. ಎದ್ದರೆ ಆಗಲೇ ಬದಲಿಸಬೇಕು. ಇಂಜೆಕ್ಷನ್ ಕೊಡುವ ಮುಂಚೆ ಪೈಪಿನ ಬಾಯಿಯನ್ನು ಸ್ಪಿರಿಟ್‌ನಿಂದ ಚೆನ್ನಾಗಿ ಉಜ್ಜಬೇಕು, ಸುಮ್ನೆ ಒರೆಸಿದರೆ ಸಾಲದು. ಇಲ್ಲಿಂದ ಹೊಕ್ಕ ಕ್ರಿಮಿ ನೇರ ರಕ್ತಕ್ಕೇ ಹೋಗುತ್ತದೆ ಅಲ್ವಾ? ಆದ್ದರಿಂದ ರೌಂಡ್ಸ್‌ನಲ್ಲಿ ದಿನವೂ ಕೇಳುವುದು ಒಂದೇ: ಈ ಲೈನ್ ಇವತ್ತೂ ಬೇಕಾ? 'ಇರಲಿ ಬಿಡ್ರೀ ಸರ್, ರಕ್ತ ತೆಗಿಯಾಕ ಅನುಕೂಲ' ಎಂಬುದು ಕಾರಣವೇ ಅಲ್ಲ.

ತೆಗೆಯುವುದನ್ನೂ ಹಗುರಾಗಿ ನೋಡುತ್ತಾರೆ. ರೋಗಿ ಎದ್ದು ಕೂತಾಗ ಪೈಪ್ ಎಳೆದರೆ, ಉಸಿರು ಒಳಗೆಳೆದ ಗಳಿಗೆಯಲ್ಲೇ ಆ ತೂತಿನಿಂದ ಗಾಳಿ ನರಕ್ಕೆ ನುಗ್ಗಬಹುದು. ಜೀವಕ್ಕೇ ಅಪಾಯ. ಅಂಗಾತ ಮಲಗಿಸಿ, ಉಸಿರು ಹಿಡಿಯಲು ಹೇಳಿ ತೆಗೆದು, ಒತ್ತಿ, ಗಾಳಿಯಾಡದಂತೆ ಮುಚ್ಚಬೇಕು. ಅರ್ಧ ಗಂಟೆ ಮಲಗಿಯೇ ಇರಲಿ.

ಇದೇ ಥರದ ಡಯಾಲಿಸಿಸ್ ಪೈಪ್ ಇಟ್ಟುಕೊಂಡು ಇಂಡಿ, ಸಿಂದಗಿಗೆ ಬಸ್ಸಿನಲ್ಲಿ ಹೋಗುವವರು ಅದನ್ನು ನೆನೆಸಬಾರದು, ಕ್ಲ್ಯಾಂಪ್ ಬಿಚ್ಚಬಾರದು. ಡಯಾಲಿಸಿಸ್ ಶುರುವಾದ ಮೇಲೆ ಚಳಿ-ನಡುಕ ಬಂದರೆ ಅಲ್ಲೇ ಸಿಸ್ಟರ್‌ಗೆ ಹೇಳಿ. ಮನೆಯಲ್ಲಿ ಜ್ವರ ಬಂದರೆ ಮಾತ್ರೆ ನುಂಗಿ ಮುಂದಿನ ಪಾಳಿಯವರೆಗೆ ಕಾಯಬೇಡಿ, ಅವತ್ತೇ ಬನ್ನಿ.