ಬೈರನ್ ಮತ್ತು ಗ್ರೀಕ್ ಕ್ರಾಂತಿ: ತಾರೀಖು ಎಡವಿಸುವ ಜಾಗ

ಇಂಗ್ಲಿಷ್ ಕವಿ ಲಾರ್ಡ್ ಬೈರನ್ ಹುಟ್ಟಿದ್ದು 1788ರ ಜನವರಿ 22, ಲಂಡನ್ನಿನಲ್ಲಿ. ಹತ್ತರ ವಯಸ್ಸಿಗೇ ಲಾರ್ಡ್ ಪದವಿ. ಮುರಿದ ಮದುವೆ, 1816ರಲ್ಲಿ ಇಂಗ್ಲೆಂಡ್ ಬಿಟ್ಟದ್ದು ಎಲ್ಲ ಪಠ್ಯದಲ್ಲೂ ಸಿಗುತ್ತದೆ. ಅವನು ಗ್ರೀಸ್‌ಗೆ ಏಕೆ ಹೋದ ಎಂಬ ಪ್ರಶ್ನೆಗೆ ಅದರ ಜೊತೆ ಎರಡು ಸಂಗತಿ ಬೇಕು: 1809–11ರ ಪ್ರವಾಸದಲ್ಲೇ ತುರ್ಕರ ಆಳ್ವಿಕೆಯ ಗ್ರೀಸನ್ನು ಕಣ್ಣಾರೆ ಕಂಡಿದ್ದ, ಮುಂದೆ ಇಟಲಿಯಲ್ಲಿ ಕಾರ್ಬೊನಾರಿ ಗುಪ್ತಸಂಘದ ಜೊತೆ ಸೇರಿದ್ದ. ತುರ್ಕರ ವಿರುದ್ಧದ ಗ್ರೀಕ್ ಕ್ರಾಂತಿಗೆ ಕೈಜೋಡಿಸುವ 1823ರ ನಿರ್ಧಾರ ಕವಿಯ ಹುಚ್ಚು ಆವೇಶವಲ್ಲ ಎನ್ನಲು ಇವೇ ಆಧಾರ.

1823ರ ಜುಲೈನಲ್ಲಿ ಜಿನೋವಾದಿಂದ 'ಹರ್ಕ್ಯುಲಿಸ್' ಹಡಗು ಹತ್ತಿ, ಆಗಸ್ಟ್ ಮೊದಲ ವಾರ ಗ್ರೀಸ್ ಬಳಿಯ ಕೆಫಲೋನಿಯಾ ದ್ವೀಪ ಮುಟ್ಟಿದ. ಅಲ್ಲೇ ಐದು ತಿಂಗಳು ಕೂತದ್ದೇಕೆ? ಗ್ರೀಕರಲ್ಲೇ ಒಡಕಿತ್ತು. ಕೊಲೊಕೊಟ್ರೋನಿಸ್‌ನಂಥ ದಂಡನಾಯಕರು ಒಂದು ಕಡೆ, ರಾಜಕೀಯ ನಾಯಕ ಮಾವ್ರೊಕೊರ್ಡಾಟೊಸ್ ಇನ್ನೊಂದು ಕಡೆ. ದುಡ್ಡು ಯಾರ ಕೈಗೆ ಕೊಟ್ಟರೂ ಮತ್ತೊಬ್ಬರ ವಿರುದ್ಧ ಬಳಕೆಯಾಗುವ ಭಯ. ಕೊನೆಗೆ ಗ್ರೀಕ್ ನೌಕಾಪಡೆಗೆ ತನ್ನ ಸ್ವಂತದ 4,000 ಪೌಂಡ್ ಸಾಲ ಕೊಟ್ಟು, 1824ರ ಜನವರಿ ಮೊದಲ ವಾರ ಪಶ್ಚಿಮ ಗ್ರೀಸ್‌ನ ಮಿಸ್ಸೊಲೊಂಗಿ ಪಟ್ಟಣಕ್ಕೆ ಬಂದ.

ಅಲ್ಲಿ ಸುಮಾರು 500 ಸೂಲಿಯೋಟ್ (ಸೂಲಿ ಬೆಟ್ಟನಾಡಿನ) ಯೋಧರಿಗೆ ತಾನೇ ಸಂಬಳ ಕೊಟ್ಟ. ತುರ್ಕರ ಕೈಲಿದ್ದ ಲೆಪಾಂಟೊ ಕೋಟೆಗೆ ಮುತ್ತಿಗೆ ಹಾಕುವುದು ಯೋಜನೆ. ಸಂಬಳ, ಹುದ್ದೆಗಳ ಜಗಳದಲ್ಲಿ ಪಡೆಯೇ ಚೆದುರಿತು, ಮುತ್ತಿಗೆ ನಡೆಯಲೇ ಇಲ್ಲ. ಆದ್ದರಿಂದ 'ಯುದ್ಧದಲ್ಲಿ ಮಡಿದ' ಎಂದು ಬರೆದರೆ ಉತ್ತರ ತಪ್ಪು. ಏಪ್ರಿಲ್ 9ರಂದು ಕುದುರೆ ಸವಾರಿಯಲ್ಲಿ ಮಳೆಗೆ ನೆನೆದ, ಜ್ವರ ಬಂತು. ಬೇಡವೆಂದರೂ ವೈದ್ಯರು ಒತ್ತಾಯಿಸಿ ಮತ್ತೆ ಮತ್ತೆ ರಕ್ತ ತೆಗೆದರು, ಜಿಗಣೆ ಹಚ್ಚಿದರು. ಮೊದಲೇ ಸೋತಿದ್ದ ದೇಹ ಇನ್ನಷ್ಟು ಸೋತಿತು. ಏಪ್ರಿಲ್ 19ಕ್ಕೆ ಸಾವು.

ಈಗ ನಿಜವಾದ ತೊಡಕು. ಗ್ರೀಕ್ ದಾಖಲೆಗಳಲ್ಲಿ ಸಾವು ಏಪ್ರಿಲ್ 7 ಎಂದಿರುತ್ತದೆ. ಎರಡೂ ಸರಿ. ಗ್ರೀಸ್‌ನಲ್ಲಿ ಆಗ ಹಳೆಯ ಜೂಲಿಯನ್ ಪಂಚಾಂಗ, ಇಂಗ್ಲೆಂಡಿನಲ್ಲಿ ಈಗ ನಾವು ಬಳಸುವ ಗ್ರೆಗೋರಿಯನ್. 19ನೇ ಶತಮಾನದಲ್ಲಿ ಅಂತರ 12 ದಿನ: 7 + 12 = 19. ಇಂದಿನ ಅಂತರವಾದ 13 ಕೂಡಿಸಿದರೆ 20 ಬಂದು ಲೆಕ್ಕ ಕೆಡುತ್ತದೆ. 1900 ಜೂಲಿಯನ್‌ನಲ್ಲಿ ಮಾತ್ರ ಅಧಿಕ ವರ್ಷವಾದ್ದರಿಂದ ಆ ಒಂದು ದಿನ ಆಮೇಲೆ ಸೇರಿದ್ದು. ತಾರೀಖು ಬದಲಾದರೂ ವಾರ ಬದಲಾಗದು: ಎರಡರಲ್ಲೂ ಅದು ಈಸ್ಟರ್ ಮರುದಿನದ ಸೋಮವಾರ. ಕ್ರಾಂತಿಯ ದಿನವೆಂದು ಗ್ರೀಕರು ಆಚರಿಸುವ 1821ರ ಮಾರ್ಚ್ 25 ಸಹ ಹಳೆ ಲೆಕ್ಕದ್ದೇ. ಹೊಸದರಲ್ಲಿ ಏಪ್ರಿಲ್ 6.

ಇನ್ನೊಂದು ಗೊಂದಲ: ಸತ್ತದ್ದು 36ಕ್ಕೆ, ಮಿಸ್ಸೊಲೊಂಗಿಯಲ್ಲಿ ಹಾರಿಸಿದ ತೋಪು ಮಾತ್ರ 37. ಕನ್ನಡದಲ್ಲಿ ಹೇಳಿಕೊಂಡರೆ ಥಟ್ಟನೆ ಬಿಡಿಸಿಕೊಳ್ಳುತ್ತದೆ: ಮೂವತ್ತಾರು ತುಂಬಿ ಮೂವತ್ತೇಳು ನಡೆಯುತ್ತಿತ್ತು. ತೋಪು ನಡೆಯುವ ವರ್ಷದ ಲೆಕ್ಕಕ್ಕೆ, ನಿಮಿಷಕ್ಕೊಂದರಂತೆ.

ಶೋಕಾಚರಣೆ 21 ದಿನ. ದೇಹಕ್ಕೆ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆ ಚರ್ಚು ಜಾಗ ಕೊಡಲಿಲ್ಲ. ಇಂಗ್ಲೆಂಡಿನ ಹಕ್‌ನಲ್ ಊರಿನ ಚರ್ಚಿನಲ್ಲಿ ಸಮಾಧಿ. ಅಬ್ಬೆಯಲ್ಲಿ ಸ್ಮಾರಕ ಶಿಲೆ ಕೂತದ್ದು 1969ರಲ್ಲಿ.